ರದ್ದಿಯವನು ಬರುವ ಮೊದಲು

ಡೊಂಬಿವಲಿ ಪೂರ್ವದಲ್ಲಿ ಈಗ ಯಾವ ಗಲ್ಲಿಗೆ ಹೊಕ್ಕರೂ ಹಸಿರು ಬಲೆ ಹೊದ್ದು ನಿಂತ ಕಟ್ಟಡವೊಂದು ಎದುರಾಗುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎದ್ದ ಮೂರು ನಾಲ್ಕು ಮಾಳಿಗೆಯ ಸೊಸೈಟಿಗಳು ರೀಡೆವಲಪ್‌ಮೆಂಟಿಗೆ ಸಹಿ ಹಾಕಿ ಒಂದೊಂದಾಗಿ ನೆಲಸಮವಾಗುತ್ತಿವೆ. ಬಿಲ್ಡರ್ ಕೊಟ್ಟ ಗಡುವು ಹತ್ತಿರ ಬಂದಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅಪ್ಪ ಓದುತ್ತಿದ್ದ ಕಾದಂಬರಿಗಳು, ರಾತ್ರಿಶಾಲೆಯ ವಾರ್ಷಿಕ ಸಂಚಿಕೆ, ಮಳೆಗಾಲದಲ್ಲಿ ಊರಿನಿಂದ ಬಂದಿದ್ದ ಯಕ್ಷಗಾನ ಮೇಳದ ಕರಪತ್ರ, ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು. ಮಗನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸೊಸೆಗೆ ಎರಡೂ ಬರುವುದಿಲ್ಲ. ಹೊಸ ಕಟ್ಟಡ ಏಳುವವರೆಗಿನ ಬಾಡಿಗೆ ಫ್ಲ್ಯಾಟಿನಲ್ಲಿ ಟ್ರಂಕಿಗೆ ಜಾಗವಿಲ್ಲ. ರದ್ದಿಯವನು ತಕ್ಕಡಿ ಹಿಡಿದು ಬರುತ್ತಾನೆ. ಇಂಗ್ಲಿಷ್ ಪೇಪರಿಗೆ ಒಂದು ದರ, ಉಳಿದ ಭಾಷೆಗಳಿಗೆ ಅದಕ್ಕಿಂತ ಕಡಿಮೆ ದರ.

ಆ ಮಗನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಓದಲು ಬಾರದ ಲಿಪಿಯ ಮೂರು ಚೀಲ ಕಾಗದವನ್ನು ಅವನು ಎಲ್ಲಿಡಬೇಕು, ಯಾರಿಗೆ ಕೊಡಬೇಕು? ಅಪ್ಪ ಆಜೀವ ಸದಸ್ಯರಾಗಿದ್ದ ಸಂಘಕ್ಕೆ ಫೋನ್ ಮಾಡಿದರೆ 'ನಮ್ಮಲ್ಲೂ ಜಾಗ ಇಲ್ಲ ಮಾರಾಯ್ರೆ' ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ, ಈ ಊರುಗಳಲ್ಲಿ ಚದರಡಿಯ ಬೆಲೆ ಎಲ್ಲರಿಗೂ ಗೊತ್ತು. ಆದರೆ ಜಾಗ ಬೇಡದ ದಾರಿಯೊಂದು ಎರಡು ದಶಕಗಳಿಂದ ನಮ್ಮ ಕಣ್ಣೆದುರಿಗೇ ಇದೆ. ಸ್ಕ್ಯಾನ್ ಮಾಡಿ ಇಡುವುದು. ಅದರ ಬಗ್ಗೆ ವೇದಿಕೆಯಲ್ಲಿ ಮಾತಾಡದ ಅಧ್ಯಕ್ಷರಿಲ್ಲ, ಚಪ್ಪಾಳೆ ತಟ್ಟದ ಸಭೆಯಿಲ್ಲ. ಥಾಣೆಯಿಂದ ಕಲ್ಯಾಣದವರೆಗೆ, ವಾಶಿಯಿಂದ ಪನ್ವೇಲಿನವರೆಗೆ, ಹಾಗೆ ಮಾತಾಡಿದ ಮೇಲೆ ಕಪಾಟಿನ ಬೀಗ ತೆಗೆದು ಮೊದಲ ಪುಟವನ್ನು ಕ್ಯಾಮೆರಾದ ಕೆಳಗಿಟ್ಟವರು ಎಷ್ಟು ಮಂದಿ?

ಹೋಗುತ್ತಿರುವುದು ಏನು ಎಂಬುದನ್ನು ಮೊದಲು ನೆಟ್ಟಗೆ ನೋಡೋಣ. ಪುಸ್ತಕವಾಗಿ ಅಚ್ಚಾದದ್ದಕ್ಕೆ ಹೇಗೋ ಒಂದು ಗತಿ ಇದೆ. ಯಶವಂತ ಚಿತ್ತಾಲರ 'ಶಿಕಾರಿ'ಯ ಒಂದು ಪ್ರತಿ ಥಾಣೆಯಲ್ಲಿ ರದ್ದಿಗೆ ಹೋದರೆ ಇನ್ನೊಂದು ಧಾರವಾಡದಲ್ಲಿ ಸಿಗುತ್ತದೆ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಅದೂ ಎಲ್ಲೋ ಒಂದೆಡೆ ಉಳಿಯುತ್ತದೆ. ಉಳಿಯದಿರುವುದು ಪುಸ್ತಕವಾಗದ ಕಾಗದ. ಸಂಘದ ನಡಾವಳಿ ಪುಸ್ತಕ, ಸದಸ್ಯರ ದಾಖಲೆ, ದೇಣಿಗೆಯ ರಸೀದಿಯ ಅಡಿಹಾಳೆ, ನಾಟಕದ ಹಸ್ತಪ್ರತಿ, ಕೈಬರಹದ ಪತ್ರಿಕೆ, ಮೇಳದ ಕರಪತ್ರ, ಜಾಹೀರಾತುಗಳಿಂದಲೇ ಅರ್ಧ ತುಂಬಿದ ಸ್ಮರಣ ಸಂಚಿಕೆ. ಆ ಜಾಹೀರಾತುಗಳನ್ನು ನೋಡಿ ನಗುವವರಿದ್ದಾರೆ. ನನಗೆ ಅವೇ ಮುಖ್ಯ. ಯಾವ ಸ್ಟೇಷನ್ನಿನ ಎದುರು ಯಾರ ಹೋಟೆಲು ಇತ್ತು, ಯಾವ ವರ್ಷ ಲಂಚ್ ಹೋಮು ಬಾರ್ ಆಯಿತು, ಬಾರ್ ಯಾವಾಗ ಮೊಬೈಲ್ ಅಂಗಡಿ ಆಯಿತು, ಬೆಳ್ಳಿಹಬ್ಬಕ್ಕೆ ಅರ್ಧ ಪುಟ ಕೊಟ್ಟವರ ಹೆಸರು ಸುವರ್ಣ ಮಹೋತ್ಸವದಲ್ಲಿ ಏಕೆ ಕಾಣಲಿಲ್ಲ ಎಂಬುದನ್ನೆಲ್ಲ ಯಾವ ಸರಕಾರಿ ಗೆಜೆಟಿಯರೂ ಬರೆದಿಲ್ಲ.

ಮುಂಬಯಿಗೆ ಬಂದ ತುಳು-ಕನ್ನಡಿಗರ ಬದುಕು ಸಂಘಗಳ ಮೂಲಕವೇ ರೂಪು ತಳೆಯಿತು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ. ಹಗಲಿಡೀ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರಿಗೆ ಅಕ್ಷರ ಕಲಿಸಿದ್ದು ಕನ್ನಡ ರಾತ್ರಿಶಾಲೆಗಳು. ಅಲ್ಲಿಂದ ಎದ್ದು ಬಂದವರು ವಕೀಲರಾದರು, ಬ್ಯಾಂಕ್ ಮ್ಯಾನೇಜರರಾದರು, ಹೋಟೆಲುಗಳ ಧಣಿಗಳೂ ಆದರು. ಕೋಟೆ, ಮಾಟುಂಗ, ಸಯನ್‌ಗಳಲ್ಲಿ ಬಾಡಿಗೆ ಏರಿದಂತೆ ಅವರ ಮುಂದಿನ ತಲೆಮಾರು ಸೆಂಟ್ರಲ್ ಲೈನು ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಸರಿಯಿತು. 1970ರಲ್ಲಿ ನವಿ ಮುಂಬಯಿ ಕಟ್ಟುವ ನಿಗಮವಾದ ಸಿಡ್ಕೊ ಹುಟ್ಟಿದ ಮೇಲೆ ಖಾಡಿಯ ಆಚೆ ವಾಶಿ, ನೆರೂಲ್, ಘನ್ಸೋಲಿಗಳಲ್ಲಿ ನೆಲೆ ನಿಂತಿತು. ಹೋದಲ್ಲೆಲ್ಲ ಒಂದು ಸಂಘ, ಒಂದು ಭಜನಾ ಮಂಡಳಿ, ಒಂದು ಮಂದಿರ, ಒಂದು ಪುಸ್ತಕದ ಕಪಾಟು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವೆಂಬ ಶಾಲೆಯನ್ನೇ ಕಟ್ಟಿ ನಡೆಸುತ್ತಿದೆ. ಒಂದು ಶಾಲೆ ಕಟ್ಟುವ ತಾಕತ್ತು ಇರುವ ಸಮುದಾಯಕ್ಕೆ ಒಂದು ಕಪಾಟನ್ನು ಉಳಿಸಿಕೊಳ್ಳುವುದು ಆಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಸರಕಾರ ಮಾಡಲಿ ಎಂದು ಕಾಯುವವರಿಗೆ ಒಂದು ಮಾತು. ಯಾವ ಸರಕಾರ? ಬೆಂಗಳೂರಿನ ಪತ್ರಾಗಾರಕ್ಕೆ ನಾವು ಹೊರನಾಡಿನವರು. ಇಲ್ಲಿನ ಪತ್ರಾಗಾರಕ್ಕೆ ನಾವು ಅನ್ಯಭಾಷಿಕರು. ಎರಡೂ ಕಡೆ ಅವರವರ ಕಡತಗಳ ರಾಶಿಯೇ ಬೆಟ್ಟದಷ್ಟಿದೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ಮೂಲ 1821ರ ದಫ್ತರಖಾನೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲಿನ ವ್ಯವಹಾರ, ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದಾಗಿನ ವ್ಯವಹಾರ, ಎಲ್ಲದರ ಜಾಡು ಹಿಡಿಯಲು ಕನ್ನಡದ ಸಂಶೋಧಕ ಇವತ್ತಿಗೂ ರೈಲು ಹತ್ತಿ ಇಲ್ಲಿಗೇ ಬರಬೇಕು. ರಾಜ್ಯವೇ ಸಾಕುವ ಪತ್ರಾಗಾರದ ಸ್ಥಿತಿ ಹೀಗಿರುವಾಗ, ನೆರೂಲಿನ ಒಂದು ಭಜನಾ ಮಂಡಳಿಯ ನಡಾವಳಿಯನ್ನು ಹುಡುಕಿಕೊಂಡು ಯಾವ ಅಧಿಕಾರಿ ಬರುತ್ತಾನೆ?

1954ರ ಗ್ರಂಥ ಸಲ್ಲಿಕೆಯ ಕಾಯಿದೆಯ ಪ್ರಕಾರ ದೇಶದಲ್ಲಿ ಪ್ರಕಟವಾದ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಇನ್ನೂ ಕೆಲವು ಗ್ರಂಥಾಲಯಗಳಿಗೂ ಹೋಗಬೇಕು, ಅವುಗಳಲ್ಲಿ ಒಂದು ಮುಂಬಯಿಯಲ್ಲೇ ಇದೆ. ನಮ್ಮ ಸಂಘಗಳು ಸ್ಮರಣ ಸಂಚಿಕೆ ಬಿಡುಗಡೆ ಮಾಡಿದಾಗ ಜಾಹೀರಾತುದಾರರಿಗೆ ಎರಡೆರಡು ಪ್ರತಿ ಮರೆಯದೆ ಕಳಿಸುತ್ತವೆ. ಗ್ರಂಥಾಲಯಕ್ಕೆ ಕಳಿಸಿದ ಸಂಘವನ್ನು ನಾನು ಇನ್ನೂ ಕಂಡಿಲ್ಲ. ಹಾಗಾಗಿ ಉಳಿದಿದ್ದರೆ ನಮ್ಮ ಮನೆಗಳಲ್ಲಿ ಮತ್ತು ನಮ್ಮ ಸಂಘಗಳಲ್ಲಿ ಮಾತ್ರ ಉಳಿದಿದೆ, ಇಲ್ಲವಾದರೆ ಜಗತ್ತಿನಲ್ಲೇ ಇಲ್ಲ.

ನೆರೆಯವರನ್ನು ನೋಡಿ ನಾಚಿಕೆಪಡಬೇಕಾದ ಜಾಗದಲ್ಲಿ ನಾವು ಬದುಕುತ್ತಿದ್ದೇವೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವನ್ನು 1893ರಲ್ಲಿ ಕಟ್ಟಿದವರ ಮುಂಚೂಣಿಯಲ್ಲಿದ್ದವರು ವಿನಾಯಕ ಲಕ್ಷ್ಮಣ ಭಾವೆ. ಮುಂದೆ 'ಮಹಾರಾಷ್ಟ್ರ ಸಾರಸ್ವತ' ಬರೆದು ಮರಾಠಿ ಸಾಹಿತ್ಯದ ಚರಿತ್ರೆಗೆ ಬುನಾದಿ ಹಾಕಿದವರೂ ಅವರೇ. ಪುಸ್ತಕ ಕೂಡಿಡುವುದೂ ಚರಿತ್ರೆ ಬರೆಯುವುದೂ ಒಂದೇ ಕೆಲಸದ ಎರಡು ಪಾಳಿ ಎಂಬುದು ಅವರಿಗೆ ಗೊತ್ತಿತ್ತು. ಡೊಂಬಿವಲಿಯಲ್ಲಿ 1986ರಿಂದ ಪೈ ಫ್ರೆಂಡ್ಸ್ ಲೈಬ್ರರಿ ನಡೆಸುತ್ತ ಬಂದಿರುವ ಪುಂಡಲೀಕ ಪೈ ಅವರು ಏರ್ಪಡಿಸುವ ಪುಸ್ತಕ ವಿನಿಮಯಕ್ಕೆ ಜನ ಚೀಲ ಹಿಡಿದು ಬಂದು, ಓದಿ ಮುಗಿಸಿದ್ದನ್ನು ಕೊಟ್ಟು, ಓದದ್ದನ್ನು ಒಯ್ಯುತ್ತಾರೆ. ಓದುವ ಊರು ಇದು. ಇಂಥ ಊರಿನಲ್ಲಿದ್ದುಕೊಂಡು 'ಯಾರೂ ಓದುವುದಿಲ್ಲ' ಎಂದು ನೆಪ ಹೇಳಲು ನಮಗೆ ಹಕ್ಕಿಲ್ಲ.

ಇನ್ನೂ ಹಿಂದಿನದೊಂದು ಸಂಗತಿ ಇದೆ. 1787ರಲ್ಲಿ ಥಾಣೆಯ ಕೋಟೆಯಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ ತಾಮ್ರಪಟಗಳು ಸಿಕ್ಕವು. ಶಿಲಾಹಾರ ದೊರೆ ಅರಿಕೇಸರಿ 1017ರಲ್ಲಿ ಕೊಟ್ಟ ದಾನದ ಶಾಸನ ಅದು. ಆಗಿನ ಇಂಗ್ಲಿಷರು ಪಂಡಿತರೊಬ್ಬರ ನೆರವಿನಿಂದ ಅದನ್ನು ಓದಿಸಿ, ಅನುವಾದಿಸಿ, ಒಂದೆರಡು ವರ್ಷಗಳೊಳಗೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮೊದಲ ಸಂಪುಟದಲ್ಲೇ ಅಚ್ಚು ಹಾಕಿಸಿದರು. ಆಗ ರೈಲಿರಲಿಲ್ಲ, ತಂತಿ ಇರಲಿಲ್ಲ. ಬೋರಿಬಂದರಿನಿಂದ ಥಾಣೆಗೆ ಮೊದಲ ಗಾಡಿ ಓಡಿದ್ದು 1853ರಲ್ಲಿ. ಹಡಗಿನಲ್ಲಿ ಹೋಗುವ ಪ್ರತಿಯನ್ನು ನಂಬಿಕೊಂಡು ಅವರು ಅಷ್ಟು ಬೇಗ ಮುಗಿಸಿದ ಕೆಲಸದ ಎದುರು, ಕಿಸೆಯಲ್ಲೇ ಕ್ಯಾಮೆರಾ ಇಟ್ಟುಕೊಂಡು ತಿರುಗುವ ನಾವು ನಲವತ್ತು ವರ್ಷದ ಹಳೆಯ ಸಂಚಿಕೆಯೊಂದನ್ನು 'ಮುಂದಿನ ಸಮಿತಿ ನೋಡಿಕೊಳ್ಳಲಿ' ಎಂದು ಬಿಟ್ಟಿದ್ದೇವೆ.

ಕಾಗದ ಕಾಯುವುದಿಲ್ಲ. ನಮ್ಮ ಹೆಚ್ಚಿನ ಸಂಚಿಕೆಗಳು, ಕರಪತ್ರಗಳು ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ. ಮರದ ತಿರುಳಿನಲ್ಲಿ ಉಳಿದ ಆಮ್ಲ ಅದನ್ನು ಒಳಗಿನಿಂದಲೇ ಸುಡುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಮಡಚಿದಲ್ಲಿ ಮುರಿಯುವುದು. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಗೆದ್ದಲು, ಬೆಳ್ಳಿಮೀನು ಎಂಬ ಹುಳ ಉಳಿದದ್ದನ್ನು ಮುಗಿಸುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ ನದಿ ಕಲ್ಯಾಣ, ಬದಲಾಪುರ ಭಾಗದ ಮನೆಗಳಿಗೆ ನುಗ್ಗಿತು. ನೆಲಮಾಳಿಗೆಯ ಕಚೇರಿಗಳಲ್ಲಿ, ಮಂಚದಡಿಯ ಟ್ರಂಕುಗಳಲ್ಲಿ ಇದ್ದದ್ದರ ಪಟ್ಟಿಯನ್ನು ಯಾರೂ ಮಾಡಿರಲಿಲ್ಲ. ಹಾಗಾಗಿ ಏನು ಹೋಯಿತು ಎಂಬ ಪಟ್ಟಿಯೂ ಇಲ್ಲ. ಅಂಥ ನಷ್ಟಕ್ಕೆ ಶೋಕಸಭೆಯೂ ನಡೆಯುವುದಿಲ್ಲ.

ಈ ಕೆಲಸಕ್ಕೆ ಅಡ್ಡಿ ಬರುವ ನೆಪಗಳಲ್ಲಿ ಹಣದ್ದು ತೀರಾ ಬಡಕಲು. ವರ್ಷಕ್ಕೊಂದು ವಾರ್ಷಿಕೋತ್ಸವಕ್ಕೆ ಶಾಲು, ಪೇಟ, ಫಲಪುಷ್ಪ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸ್ಮರಣಿಕೆ, ಹಾಲಿನ ಬಾಡಿಗೆ, ಫ್ಲೆಕ್ಸು, ಊಟ ಎಂದು ಖರ್ಚು ಮಾಡುವ ನಾವು ಕ್ಯಾಮೆರಾ ಸ್ಟ್ಯಾಂಡಿಗೆ ಹಣವಿಲ್ಲ ಎಂದು ಹೇಳಬಾರದು. ಒಂದು ವರ್ಷ ಶಾಲುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಯಾರಿಗೂ ಚಳಿಯಾಗುವುದಿಲ್ಲ, ಮುಂಬಯಿಯಲ್ಲಂತೂ ಆಗುವುದಿಲ್ಲ.

ಕಾನೂನಿನ ನೆಪ ಸ್ವಲ್ಪ ಗಟ್ಟಿ. ಅದನ್ನು ಸಾವಧಾನವಾಗಿ ಬಿಡಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ ಕೃತಿ ಎಲ್ಲರದಾಗುತ್ತದೆ. ಲೆಕ್ಕ ಹಿಡಿಯುವುದು ಸಾವಿನ ಮರುವರ್ಷದ ಜನವರಿಯಿಂದ. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಮಂಜೇಶ್ವರದಿಂದ ಬಂದಿದ್ದ ಗೋವಿಂದ ಪೈ ಅವರು ತೀರಿಕೊಂಡದ್ದು 1963ರಲ್ಲಿ. 2024ರ ಜನವರಿ 1ರಿಂದ, ಅವರ ಜೀವಿತಕಾಲದಲ್ಲಿ ಅಚ್ಚಾದ ಬರಹಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಆ ಸಮ್ಮೇಳನದ ಕಾಗದಪತ್ರಗಳು ನಿಮ್ಮ ಮನೆಯ ಟ್ರಂಕಿನಲ್ಲಿ ಇರಬಹುದು, ಒಮ್ಮೆ ನೋಡಿ.

ಇನ್ನೂ ಹಕ್ಕು ಇರುವ ಕೃತಿಗಳ ಮಾತು ಬೇರೆ. 2012ರ ತಿದ್ದುಪಡಿಯ ನಂತರ ಕಾಯಿದೆಯ 52ನೇ ಕಲಮು ಒಂದು ಬಾಗಿಲು ತೆರೆದಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ರಕ್ಷಿಸುವುದಕ್ಕಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಅದನ್ನು ಜಾಲತಾಣಕ್ಕೆ ಏರಿಸಿ ಊರಿಗೆಲ್ಲ ಹಂಚುವಂತಿಲ್ಲ, ಆದರೆ ಸಾಯಲು ಬಿಡಬೇಕಾಗಿಲ್ಲ. ಇಲ್ಲೊಂದು ಸಣ್ಣ ಕುಟುಕು ಇದೆ. ಕಾಯಿದೆ ಹೇಳುವುದು ಸಾರ್ವಜನಿಕ ಗ್ರಂಥಾಲಯ ಎಂದು. ವರ್ಷವಿಡೀ ಬೀಗ ಹಾಕಿಟ್ಟು, ನವೆಂಬರ್ 1ರಂದು ಮಾತ್ರ ಗಾಜು ಒರೆಸುವ ಕಪಾಟು ಆ ಹೆಸರಿಗೆ ತಕ್ಕುದಲ್ಲ. ಕಾನೂನಿನ ರಕ್ಷಣೆ ಬೇಕಾದರೆ ಮೊದಲು ಬೀಗ ತೆಗೆಯಬೇಕು.

ಹಂಚಬೇಕೆಂದಿದ್ದರೆ ಹಕ್ಕುಳ್ಳವರನ್ನು ಕೇಳಬಹುದು. ಸಂಘವೇ ತಂದ ಸಂಚಿಕೆಗೆ ಬರೆದವರು ಹೆಚ್ಚಾಗಿ ಸಂಘದ ಸದಸ್ಯರು, ಇಲ್ಲವೇ ಅವರ ಮಕ್ಕಳು ಈಗಿನ ಸದಸ್ಯರು. ಒಂದು ಪತ್ರ, ಒಂದು ಸಹಿ ಸಾಕು. 2014ರಲ್ಲಿ ನಿರಂಜನರ ಕುಟುಂಬದವರು ಅವರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹಾಗೇ ಬಿಟ್ಟಿತು. ಅಷ್ಟು ದೊಡ್ಡ ಲೇಖಕನ ಮನೆಯವರು, ಅಷ್ಟು ದೊಡ್ಡ ವಿಶ್ವವಿದ್ಯಾನಿಲಯ ಕೈಬಿಚ್ಚಿ ಕೊಡಬಹುದಾದರೆ, ಕಲ್ಯಾಣದ ಒಂದು ಯುವ ವೇದಿಕೆಯ ದಶಮಾನೋತ್ಸವ ಸಂಚಿಕೆಯ ಮೇಲೆ ನಾವು ಇಷ್ಟು ಬಿಗಿ ಹಿಡಿತ ಇಟ್ಟುಕೊಳ್ಳುವುದು ಏತಕ್ಕೆ?

ಅಸಲು ಅಡ್ಡಿ ಈ ಹಿಡಿತವೇ ಎಂದು ನನ್ನ ತೀರ್ಮಾನ. ಹಣವೂ ಅಲ್ಲ, ಕಾನೂನೂ ಅಲ್ಲ. ಹಳೆಯ ಅಧ್ಯಕ್ಷರ ಮನೆಯಲ್ಲಿ ಇರುವ ನಡಾವಳಿ ಪುಸ್ತಕ ಹೊಸ ಅಧ್ಯಕ್ಷರ ಕೈಗೆ ಬರುವುದಿಲ್ಲ, ಏಕೆಂದರೆ ನಡುವೆ ಒಂದು ಚುನಾವಣೆ ನಡೆದಿದೆ. ಸಂಚಿಕೆಯ ಒಂದೇ ಪ್ರತಿ ಉಳಿದಿರುವವರು ಅದನ್ನು ಯಾರಿಗೂ ಕೊಡುವುದಿಲ್ಲ, ಏಕೆಂದರೆ ಹಿಂದೊಮ್ಮೆ ಕೊಟ್ಟದ್ದು ಮರಳಿ ಬರಲಿಲ್ಲ. ಆ ಭಯ ನ್ಯಾಯವಾದದ್ದು. ಆದರೆ ಸ್ಕ್ಯಾನಿಂಗ್ ಎಂದರೆ ಪ್ರತಿಯನ್ನು ಒಯ್ಯುವುದಲ್ಲ, ನಿಮ್ಮ ಮೇಜಿನ ಮೇಲೆ, ನಿಮ್ಮ ಕಣ್ಣೆದುರಿಗೆ, ನಿಮ್ಮ ಮನೆಯ ಚಹಾ ಕುಡಿಯುತ್ತ ಮಾಡಬಹುದಾದ ಕೆಲಸ. ಇಬ್ಬರು ಕುಳಿತರೆ, ಒಬ್ಬರು ಪುಟ ಮಗುಚಿ ಇನ್ನೊಬ್ಬರು ಚಿತ್ರ ತೆಗೆದರೆ, ಇನ್ನೂರು ಪುಟದ ಸಂಚಿಕೆಗೆ ಒಂದು ಮಧ್ಯಾಹ್ನ ಧಾರಾಳ.

ಆದರೆ ಸ್ಕ್ಯಾನ್ ಮಾಡಿಬಿಟ್ಟರೆ ಉಳಿಯಿತು ಎಂದುಕೊಳ್ಳುವುದೂ ತಪ್ಪು. ದೇಶಕ್ಕೇ ದುಬಾರಿಯಾದ ಪಾಠ ಅದು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಶುರುವಾಯಿತು. ಸಾವಿರಾರು ಕನ್ನಡ ಪುಸ್ತಕಗಳು ಅದರಲ್ಲಿ ಸ್ಕ್ಯಾನ್ ಆದವು. ಆದರೆ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದರು. ಲೇಖಕರ ಹೆಸರು ಪ್ರಕಾಶಕರ ಜಾಗದಲ್ಲಿ, ಎಷ್ಟೋ ಕಡೆ ಇಸವಿಯೇ ಇಲ್ಲ. ಪುಸ್ತಕ ಇತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಮುಂದೆ ಆ ತಾಣವೇ ಮುಚ್ಚಿಹೋಯಿತು. ಪುಸ್ತಕಗಳು ಇವತ್ತು ನಮಗೆ ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ಗೆ ಯಾರೋ ಪ್ರತಿ ಮಾಡಿಟ್ಟದ್ದರಿಂದ. ಬೆಂಗಳೂರಿನ 'ಸಂಚಯ'ದ ಗೆಳೆಯರು, ಓಂಶಿವಪ್ರಕಾಶ್ ಮತ್ತು ಸಂಗಡಿಗರು, ಕುಳಿತು ಆ ಹೆಸರುಗಳನ್ನು ಕನ್ನಡದಲ್ಲಿ ಹುಡುಕುವಂತೆ ಮಾಡಿದರು. 'ಸರ್ವೆಂಟ್ಸ್ ಆಫ್ ನಾಲೆಜ್' ಹೆಸರಿನಲ್ಲಿ ಈಗಲೂ ಹೊಸದಾಗಿ ಸ್ಕ್ಯಾನ್ ಮಾಡುತ್ತಿದ್ದಾರೆ. ನೂರಾರು ಮಂದಿಯ ಸಂಬಳದ ಯೋಜನೆ ಬಿಟ್ಟುಹೋದ ಕೆಲಸವನ್ನು ಬೆರಳೆಣಿಕೆಯ ಜನ ಎತ್ತಿಕೊಂಡರು.

ದೊಡ್ಡವರೂ ಸುರಕ್ಷಿತರಲ್ಲ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು ತಿಂಗಳುಗಟ್ಟಲೆ ಸೇವೆ ನಿಂತಿತು. ಮರುವರ್ಷದ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್‌ಗೂ ಕನ್ನ ಬಿತ್ತು. ಆದ್ದರಿಂದ ಒಂದೇ ಕಡೆ ಇಟ್ಟು ನಿಶ್ಚಿಂತರಾಗಬೇಡಿ. ಸಂಘದ ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಊರಿನ ಸಂಘದಲ್ಲಿ ಒಂದು, ಜಾಲದಲ್ಲಿ ಒಂದು. ಡೊಂಬಿವಲಿಯದನ್ನು ವಾಶಿ ಕಾಯಲಿ, ವಾಶಿಯದನ್ನು ಥಾಣೆ ಕಾಯಲಿ. ನಮ್ಮ ಸಂಘಗಳ ನಡುವೆ ಇಷ್ಟಾದರೂ ಸ್ನೇಹ ಹುಟ್ಟಿದರೆ ಅದೇ ಒಂದು ಲಾಭ.

ಕಂಪ್ಯೂಟರಿನಲ್ಲೇ ಹುಟ್ಟಿದ್ದು ಹಾಗೇ ಉಳಿಯುತ್ತದೆ ಎಂಬ ಭ್ರಮೆಯೂ ಬೇಡ. ತೊಂಬತ್ತರ ದಶಕದಿಂದ ಈಚಿನ ನಮ್ಮ ಸಂಚಿಕೆಗಳೆಲ್ಲ ಪೇಜ್‌ಮೇಕರಿನಲ್ಲಿ ಶ್ರೀಲಿಪಿ, ಆಕೃತಿ ಫಾಂಟುಗಳಲ್ಲಿ ಸಿದ್ಧವಾದವು. ಆ ಫೈಲುಗಳು ಡಿಟಿಪಿ ಅಂಗಡಿಯ ಫ್ಲಾಪಿಯಲ್ಲಿ, ಸಿಡಿಯಲ್ಲಿ ಇದ್ದವು. ಅಂಗಡಿ ಮುಚ್ಚಿದೆ, ಫ್ಲಾಪಿ ಓದುವ ಯಂತ್ರವಿಲ್ಲ, ಫೈಲು ಸಿಕ್ಕರೂ ಯೂನಿಕೋಡ್ ಕಾಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು. 1975ರ ಮೊಳೆ ಅಚ್ಚಿನ ಸಂಚಿಕೆಯನ್ನು ಇವತ್ತು ಓದಬಹುದು, 1998ರ ಸಂಚಿಕೆಯ ಫೈಲನ್ನು ಓದಲಾಗದು. ಹೊಸದಲ್ಲವೇ ಎಂದು ಆ ಕಾಲದ ಮುದ್ರಿತ ಪ್ರತಿಗಳನ್ನು ಬದಿಗಿಡಬೇಡಿ, ಅವುಗಳ ಸರದಿಯೂ ಈಗಲೇ.

ನಮ್ಮದಲ್ಲದವರು ನಮ್ಮದನ್ನು ಕಾಪಾಡಿದ ಕತೆ ಎಲ್ಲರಿಗೂ ಗೊತ್ತು. ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಗುಂಡರ್ಟ್ ಬಿಟ್ಟುಹೋದ ಗ್ರಂಥಭಂಡಾರವನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಪುಟಪುಟವಾಗಿ ಡಿಜಿಟಲ್ ಮಾಡಿ 2018ರಲ್ಲಿ ಜಗತ್ತಿಗೆ ತೆರೆದಿಟ್ಟಿತು. ಮಲೆಯಾಳದ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಹುಟ್ಟಿದ ಹಾಳೆಯನ್ನು ಡೊಂಬಿವಲಿಯ ಹುಡುಗಿಯೊಬ್ಬಳು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಬಹುದು. ಅವಳದೇ ಅಜ್ಜ ಕಾರ್ಯದರ್ಶಿಯಾಗಿದ್ದ ಸಂಘದ ಹಾಳೆಯನ್ನು ಓದಲಾರಳು. ಆದರೆ ಡೊಂಬಿವಲಿಯ ಕನ್ನಡಿಗರ ರಸೀದಿ ಪುಸ್ತಕವನ್ನು ಕಾಪಾಡಲು ಯಾವ ಜರ್ಮನಿಯೂ ಬರುವುದಿಲ್ಲ.

ಶ್ರೀನಿವಾಸ ಹಾವನೂರರನ್ನು ಇಲ್ಲಿ ನೆನೆಯದಿದ್ದರೆ ಈ ಮಾತಿಗೆ ಅರ್ಥವಿಲ್ಲ. ಅವರು ಮುಂಬಯಿಯಲ್ಲಿ ತಾತಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರಂಥಪಾಲಕರಾಗಿದ್ದವರು. ಭೌತವಿಜ್ಞಾನಿಗಳ ನಿಯತಕಾಲಿಕಗಳನ್ನು ಜೋಡಿಸುವ ಕೆಲಸದ ನಡುವೆಯೇ ಹತ್ತೊಂಬತ್ತನೆಯ ಶತಮಾನದ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಬೆನ್ನು ಹತ್ತಿದರು. 1974ರ 'ಹೊಸಗನ್ನಡದ ಅರುಣೋದಯ' ಆ ಅಲೆದಾಟದ ಫಲ. ಮುಂದೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದಾಖಲೆಗಳನ್ನು ಒಪ್ಪ ಮಾಡುವುದರಲ್ಲಿ ವರ್ಷಗಳನ್ನು ಸವೆಸಿದರು. ಹರಿದ ಕರಪತ್ರದ ಇಸವಿಯೊಂದು ಇಡೀ ಅಧ್ಯಾಯವನ್ನು ತಿದ್ದಬಲ್ಲುದು ಎಂದು ತಿಳಿದಿದ್ದ ಮುಂಬಯಿ ಕನ್ನಡಿಗ ಅವರು. ಅವರ ಊರಿನವರು ನಾವು.

ಎಚ್ಚರಿಕೆಯ ಒಂದು ಮಾತನ್ನೂ ಹೇಳಬೇಕು. ಎಲ್ಲವನ್ನೂ ಜಾಲಕ್ಕೆ ಏರಿಸಬೇಕೆಂದು ನಾನು ಹೇಳುತ್ತಿಲ್ಲ. ನಡಾವಳಿ ಪುಸ್ತಕಗಳಲ್ಲಿ ಸಾಲ ಕೇಳಿದವರ ಹೆಸರಿದೆ, ಗಂಡನ ಮೇಲೆ ದೂರು ಕೊಟ್ಟ ಹೆಂಗಸಿನ ಹೆಸರಿದೆ, ಜಾತಿಯ ಜಗಳವಿದೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಹುಡುಗನ ಮನೆಯ ಬಡತನವಿದೆ. ಅವರ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅಂಥವನ್ನು ಸ್ಕ್ಯಾನ್ ಮಾಡಿ ಮುಚ್ಚಿಡಿ, ಇಷ್ಟು ವರ್ಷ ತೆರೆಯಬಾರದು ಎಂದು ಬರೆದಿಡಿ. ಮುಚ್ಚಿಡುವುದಕ್ಕೂ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ ಈ ನಗರದ ಕನ್ನಡದ ಬಗ್ಗೆ ದಶಕಗಳಿಂದ ಸಂಶೋಧನೆ ಮಾಡಿಸುತ್ತ, ಪುಸ್ತಕ ತರುತ್ತ ಬಂದಿದೆ. ವಿಭಾಗದ ಹಿರಿಯರಲ್ಲಿ ನನ್ನ ಬಿನ್ನಹ: ಒಂದು ಸಾಮಾನ್ಯ ಪಟ್ಟಿಯ ನಮೂನೆ ಮಾಡಿಕೊಡಿ. ಶೀರ್ಷಿಕೆ, ಸಂಪಾದಕರು, ಸಂಘ, ಅಚ್ಚುಕೂಟ, ಇಸವಿ, ಪುಟ, ಪ್ರತಿ ಯಾರಲ್ಲಿದೆ, ಇಷ್ಟು ಸಾಕು. ಎಲ್ಲ ಸಂಘಗಳೂ ಅದನ್ನೇ ತುಂಬಲಿ, ಕನ್ನಡ ಲಿಪಿಯಲ್ಲೇ ತುಂಬಲಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಗೊಂದಲ ಇಲ್ಲಿ ಮರುಕಳಿಸಬಾರದು. ಸ್ಕ್ಯಾನಿಂಗ್ ಆರು ತಿಂಗಳು ತಡವಾದರೂ ಆಗಲಿ, ಪಟ್ಟಿ ಮೊದಲು ಆಗಲಿ. ಏನಿದೆ ಎಂದು ತಿಳಿದರೆ ಅದು ರದ್ದಿಗೆ ಹೋಗುವ ಸಾಧ್ಯತೆ ಅರ್ಧ ಕಡಿಮೆಯಾಗುತ್ತದೆ.

ಕನ್ನಡ ಓದಬಲ್ಲ ಹಿರಿಯರೇ, ನಿಮ್ಮನ್ನು ಎರಡು ಪಟ್ಟು ಜೋರಾಗಿ ಕರೆಯುತ್ತೇನೆ. ನಿಮ್ಮ ಮೊಮ್ಮಕ್ಕಳಿಗೆ ಫೋನು ಚೆನ್ನಾಗಿ ಗೊತ್ತು, ಲಿಪಿ ಗೊತ್ತಿಲ್ಲ. ನಿಮಗೆ ಲಿಪಿ ಗೊತ್ತು, ಫೋನು ಅಷ್ಟಕ್ಕಷ್ಟೆ. ಒಂದೇ ಮೇಜಿನಲ್ಲಿ ಕುಳಿತರೆ ಕೆಲಸ ಪೂರ್ತಿಯಾಗುತ್ತದೆ. ಗುಂಪು ಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರು ಎಂದು ಹೇಳಬಲ್ಲವರು ನೀವು ಮಾತ್ರ. ಈಗ ಎಲ್ಲ ಕ್ಯಾಮೆರಾಗಳೂ ಪುಟವನ್ನು ಹಿಡಿಯುತ್ತವೆ, ಅಕ್ಷರವನ್ನು ಗುರುತಿಸುವ ತಂತ್ರಾಂಶಗಳೂ ಕನ್ನಡಕ್ಕೆ ಸುಮಾರಾಗಿ ಒಗ್ಗಿವೆ. ಆ ಮೂರನೆಯವರ ಹೆಸರು ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ. ನೀವು ಹೇಳದೆ ಹೋದರೆ ಅವರು ಶಾಶ್ವತವಾಗಿ ಮೂರನೆಯವರೇ.

ಸಂಘಗಳ ಪದಾಧಿಕಾರಿಗಳೇ, ನಿಮ್ಮ ಮುಂದಿನ ವಾರ್ಷಿಕ ಮಹಾಸಭೆಯ ಸೂಚನಾಪತ್ರ ಇನ್ನೂ ಅಚ್ಚಿಗೆ ಹೋಗಿರದಿದ್ದರೆ ಅದರಲ್ಲಿ ಒಂದು ವಿಷಯ ಸೇರಿಸಿ: ಸಂಘದ ಕಾಗದಪತ್ರಗಳ ಪಟ್ಟಿ ಮತ್ತು ಡಿಜಿಟಲೀಕರಣ, ಹೊಣೆ ಹೊರುವ ಇಬ್ಬರ ಹೆಸರು, ಮೀಸಲಿಡುವ ಮೊತ್ತ, ಮುಗಿಸುವ ತಾರೀಖು. ರೀಡೆವಲಪ್‌ಮೆಂಟಿಗೆ ಹೋಗುವ ಸೊಸೈಟಿಗಳಲ್ಲಿ ಇರುವ ಕನ್ನಡ ಮನೆಗಳಿಗೆ, ಟ್ರಂಕು ಮಾರುವ ಮೊದಲು ನಮಗೆ ಫೋನ್ ಮಾಡಿ ಎಂದು ಒಂದು ಸಾಲಿನ ಸಂದೇಶ ಕಳಿಸಿ. ಪದಾಧಿಕಾರಿಗಳು ಸೇರಿಸದಿದ್ದರೆ, ಸದಸ್ಯರಾದ ನೀವು ಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಸಿಗುವವರೆಗೆ ಕೂರಬೇಡಿ.